ಮನೆಗೆ ಎರಡನೇ ಬೆಕ್ಕು: ತರೋ ಮೊದಲು, ತಂದ ಮೇಲೆ

ಮೈಸೂರು ಕಡೆಯವರು ಕೊತ್ತಿ ಅನ್ನಲಿ, ಮಂಗಳೂರು ಕಡೆಯ ಗೆಳೆಯರು ತುಳುವಿನಲ್ಲಿ ಪುಚ್ಚೆ ಅನ್ನಲಿ, ಕ್ಯಾಂಪಸ್ ಸುತ್ತಮುತ್ತ ಬಾಡಿಗೆಗೆ ಇರುವ ನಮ್ಮಂಥವರ ಮನೆಗಳಲ್ಲಿ ಎಷ್ಟೋ ಕಡೆ ಒಂದು ಬೆಕ್ಕು ಇದ್ದೇ ಇರುತ್ತೆ. ಯಾರೂ ಅದನ್ನ ಹುಡುಕಿ ತಂದಿರಲ್ಲ. ಮಳೆ ಬರುವಾಗ ಒಂದಿನ ಬಾಗಿಲ ಹತ್ರ ಬಂದು ಕೂತಿರುತ್ತೆ, ನಾವು ಒಂದು ಮೊಟ್ಟೆ ಹಾಕ್ತೀವಿ, ಅಲ್ಲಿಂದಾಚೆ ಮನೆ ಅದರದ್ದು, ನಾವು ಬರೀ ಬಾಡಿಗೆ ಕಟ್ಟುವವರು. ಇಲ್ಲಿವರೆಗೆ ತೊಂದರೆ ಇಲ್ಲ. ತೊಂದರೆ ಶುರುವಾಗೋದು ಯಾರೋ ಒಬ್ಬರು "ಪಾಪ, ನಾವೆಲ್ಲ ಕಾಲೇಜಿಗೆ ಹೋದ್ಮೇಲೆ ಅದೊಂದೇ ಇರುತ್ತೆ, ಜೊತೆಗೆ ಇನ್ನೊಂದು ತರೋಣ" ಅಂದಾಗ.

ಹೀಗೆ ಅಂದುಕೊಂಡ ಮನೆಗಳಲ್ಲಿ ಮುಂದೆ ನಡೆಯೋದು ಹೆಚ್ಚುಕಡಿಮೆ ಒಂದೇ. ಭಾನುವಾರ ರಟ್ಟಿನ ಡಬ್ಬದಲ್ಲಿ ಹೊಸ ಬೆಕ್ಕು ಬರುತ್ತೆ. ಹಾಲ್ ಮಧ್ಯೆ ಡಬ್ಬ ತೆಗೀತಾರೆ. ಎಲ್ಲರ ಕೈಯಲ್ಲೂ ಮೊಬೈಲು, ವಿಡಿಯೋ ಮಾಡೋಕೆ. ಎರಡೇ ನಿಮಿಷಕ್ಕೆ ಒಂದು ಬೆಕ್ಕು ಮಂಚದ ಕೆಳಗೆ, ಇನ್ನೊಂದು ಬೀರು ಮೇಲೆ, ಮಧ್ಯೆ ಬಿಡಿಸೋಕೆ ಹೋದವರ ಕೈಯಲ್ಲಿ ರಕ್ತ. ಆಮೇಲೆ "ಎರಡಕ್ಕೂ ಆಗಿಬರಲ್ಲ" ಅಂತ ತೀರ್ಪು ಕೊಟ್ಟು, ಹೊಸದನ್ನ ಯಾರಿಗೋ ದಾಟಿಸೋ ಪ್ರಯತ್ನ.

ಆಗಿಬರಲ್ಲ ಅನ್ನೋದು ಅಷ್ಟು ಸುಲಭದ ಮಾತಲ್ಲ. ಹೆಚ್ಚಿನ ಕಡೆ ತಪ್ಪು ಬೆಕ್ಕುಗಳದ್ದಲ್ಲ, ಪರಿಚಯ ಮಾಡಿಸಿದ ರೀತಿಯದ್ದು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಒಂದೇ ಮಾತಲ್ಲಿ ಹೇಳಬಹುದು: ಸ್ಟೆಪ್ ಇನ್‌ಪುಟ್ ಕೊಡಬೇಡಿ, ರ‍್ಯಾಂಪ್ ಕೊಡಿ. ಉಳಿದವರಿಗಾಗಿ ಈ ಲೇಖನ. ನಾವು ನಾಲ್ಕು ಜನ ಸೇರಿ ಒಂದು ಮನೆಯಲ್ಲಿದ್ದೀವಿ. ನಮ್ಮಲ್ಲಿ ಮೊದಲಿಂದ ಇರೋಳು ಸಿಂಗಾರಿ, ಮೂರು ವರ್ಷದ ಹೆಣ್ಣು ಬೆಕ್ಕು. ಆಮೇಲೆ ಬಂದವನು ಗುಂಡ, ಬರುವಾಗ ಐದು ತಿಂಗಳ ಗಂಡು ಮರಿ. ಇವರಿಬ್ಬರನ್ನ ಒಂದೇ ಸೂರಿನಡಿ ತರುವಾಗ ಓದಿದ್ದು, ಪಶುವೈದ್ಯರಿಂದ ಕೇಳಿದ್ದು, ಕಣ್ಣಾರೆ ಕಂಡದ್ದು ಎಲ್ಲ ಸೇರಿಸಿ ಬರೀತಿದ್ದೀವಿ.

ಬೆಕ್ಕಿಗೆ ನಿಜವಾಗ್ಲೂ ಜೊತೆ ಬೇಕಾ?

ಮೊದಲು ಈ ಪ್ರಶ್ನೆ ಬಗೆಹರಿಯಬೇಕು. ನಾಯಿಯ ಪೂರ್ವಜ ತೋಳ. ತೋಳ ಗುಂಪಿನಲ್ಲಿ ಬೇಟೆಯಾಡುತ್ತೆ. ನಮ್ಮ ಮನೆ ಬೆಕ್ಕಿನ ಪೂರ್ವಜ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಧಾನ್ಯ ಕೂಡಿಡಲು ಕಲಿತ ಮನುಷ್ಯನ ಕಣಜಕ್ಕೆ ಇಲಿ ಬಂತು, ಇಲಿ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ ಬೆಕ್ಕಿನ ಅಸ್ಥಿ ಸಿಕ್ಕಿದೆ. ಅಂದ್ರೆ ಬೆಕ್ಕು ಮನುಷ್ಯನ ಜೊತೆ ಇರೋದನ್ನ ಬಹಳ ಹಿಂದೆಯೇ ಕಲಿತಿದೆ. ಆದ್ರೆ ಅಪರಿಚಿತ ಬೆಕ್ಕಿನ ಜೊತೆ ಇರೋದು ಬೇರೆಯೇ ವಿಷಯ.

ಮೀನು ಮಾರ್ಕೆಟ್ಟಿನಲ್ಲಿ, ಬಂದರಿನಲ್ಲಿ ಹತ್ತಾರು ಬೆಕ್ಕು ಒಟ್ಟಿಗಿರೋದನ್ನ ನೀವು ನೋಡಿರಬಹುದು. ಊಟ ಧಾರಾಳವಾಗಿ ಸಿಗುವ ಕಡೆ ಬೆಕ್ಕುಗಳು ಗುಂಪು ಕಟ್ಟುತ್ತವೆ, ನಿಜ. ಆದ್ರೆ ಅಂಥ ಗುಂಪಿನ ನಡುವೆ ಇರೋದು ಹೆಚ್ಚಾಗಿ ತಾಯಿ, ಮಕ್ಕಳು, ಅಕ್ಕತಂಗಿಯರು. ಎಲ್ಲರ ಮೈಮೇಲೂ ಒಂದೇ ವಾಸನೆ. ಹೊರಗಿಂದ ಬಂದದ್ದನ್ನ ಅವೂ ಸುಲಭಕ್ಕೆ ಸೇರಿಸಲ್ಲ.

ಹಾಗಾಗಿ ಎರಡನೇ ಬೆಕ್ಕು ಮೊದಲನೆಯದಕ್ಕೆ ನಾವು ಕೊಡುವ ಉಡುಗೊರೆ ಅಲ್ಲ. ಅದರ ಲೆಕ್ಕದಲ್ಲಿ ಅದು ತನ್ನ ಜಾಗಕ್ಕೆ ನುಗ್ಗಿದವನು. ನಿಮ್ಮ ಬೆಕ್ಕಿಗೆ ಬೇಜಾರು ಅನ್ನಿಸಿದ್ರೆ ಮೊದಲು ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ ಆಟ ಆಡಿಸಿ. ಕಿಟಕಿ ಹತ್ರ ಕೂರೋಕೆ ಒಂದು ಎತ್ತರದ ಜಾಗ ಮಾಡಿಕೊಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ. "ನಮಗೆ ಇನ್ನೊಂದು ಬೆಕ್ಕು ಬೇಕು" ಅನ್ನೋದೂ ಒಳ್ಳೆ ಕಾರಣವೇ. ಅದನ್ನ ಮೊದಲ ಬೆಕ್ಕಿನ ಹೆಸರಲ್ಲಿ ಹೇಳಬಾರದು, ಅಷ್ಟೇ.

ತರೋ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಒಂದು, ಓನರ್ ಒಪ್ಪಿದ್ದಾರಾ? ಒಂದು ಬೆಕ್ಕಿಗೆ ಕಣ್ಣು ಮುಚ್ಚಿಕೊಂಡಿರೋ ಓನರ್ ಆಂಟಿ ಎರಡಕ್ಕೂ ಮುಚ್ಚಿಕೊಳ್ತಾರೆ ಅಂತ ಖಾತ್ರಿ ಇಲ್ಲ. ಕೇಳಿಬಿಡಿ.

ಎರಡು, ಮನೆಯಲ್ಲಿರೋ ಎಲ್ಲರೂ ಒಪ್ಪಿದ್ದಾರಾ? ಒಬ್ಬರಿಗೆ ಅಲರ್ಜಿ ಇದ್ದು, ಸ್ನೇಹಕ್ಕೆ ಕಟ್ಟುಬಿದ್ದು ಸುಮ್ಮನಿದ್ದರೆ ಅದು ಒಪ್ಪಿಗೆ ಅಲ್ಲ.

ಮೂರು, ಹೊಸಬನಿಗೆ ಎರಡು ವಾರ ಬಾಗಿಲು ಹಾಕಿಡೋಕೆ ಒಂದು ಕೋಣೆ ಇದೆಯಾ? ಒಂದೇ ರೂಮಿನ ಮನೆಯಲ್ಲಿ, ಪಿಜಿಯಲ್ಲಿ ಇದು ಆಗದ ಮಾತು. ಅಲ್ಲಿ ಎರಡನೇ ಬೆಕ್ಕು ಬೇಡ.

ನಾಲ್ಕು, ದುಡ್ಡು. ಊಟ, ಲಿಟರ್ ಮರಳು, ಲಸಿಕೆ, ಜಂತುಹುಳದ ಔಷಧಿ, ಆಪರೇಷನ್ ಎಲ್ಲವೂ ಎರಡರಷ್ಟು. ನಿಮ್ಮೂರಿನ ದರ ವಿಚಾರಿಸಿ, ತಿಂಗಳಿಗೆ ತಲೆಗೆ ಎಷ್ಟು ಬೀಳುತ್ತೆ ಅಂತ ಬರೆದಿಡಿ. ಹುಷಾರು ತಪ್ಪಿದರೆ ಅಂತ ಒಂದಿಷ್ಟು ಬೇರೆ ಎತ್ತಿಡಿ. ಸರ್ಕಾರಿ ಪಶು ಆಸ್ಪತ್ರೆಗಳಿವೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆ ಊರುಗಳಲ್ಲಿ ಓದುತ್ತಿರುವವರು ಅಲ್ಲೂ ವಿಚಾರಿಸಬಹುದು.

ಐದು, ಎಲ್ಲಕ್ಕಿಂತ ದೊಡ್ಡದು: ಎಂಟನೇ ಸೆಮಿಸ್ಟರ್ ಆದ್ಮೇಲೆ? ಬಿ.ಇ. ನಾಲ್ಕು ವರ್ಷ. ಮನೆಯೊಳಗೆ ಚೆನ್ನಾಗಿ ನೋಡಿಕೊಂಡ ಬೆಕ್ಕು 12ರಿಂದ 15 ವರ್ಷ ಬದುಕುತ್ತೆ, ಕೆಲವು ಇನ್ನೂ ಹೆಚ್ಚು. ಐದನೇ ಸೆಮ್‌ನಲ್ಲಿ ತಂದ ಮರಿಗೆ ನೀವು ಪ್ಲೇಸ್‌ಮೆಂಟ್ ಆಗಿ ಹೋಗುವಾಗ ಎರಡು ವರ್ಷವೂ ತುಂಬಿರಲ್ಲ. ಇದಕ್ಕೆ ಉತ್ತರ ಇಲ್ಲದೆ ಮುಂದಿನ ಯಾವ ಪ್ಯಾರಾವನ್ನೂ ಓದೋ ಅಗತ್ಯ ಇಲ್ಲ. ಕೊನೆಯಲ್ಲಿ ಇದಕ್ಕೇ ಮತ್ತೆ ಬರ್ತೀವಿ.

ಯಾವ ಬೆಕ್ಕು ತರೋದು?

ನೋಡೋಕೆ ಚೆನ್ನಾಗಿರೋದಲ್ಲ, ನಿಮ್ಮ ಮೊದಲ ಬೆಕ್ಕಿಗೆ ಹೊಂದೋದು. ಮುಖ್ಯವಾಗಿ ನೋಡಬೇಕಾದ್ದು ವಯಸ್ಸು ಮತ್ತು ಚಟುವಟಿಕೆ. ನಿಮ್ಮ ಬೆಕ್ಕು ಒಂದೆರಡು ವರ್ಷದ್ದಾಗಿ, ಇನ್ನೂ ಪರದೆ ಹತ್ತಿ ಕುಣಿಯೋ ಸ್ವಭಾವದ್ದಾದರೆ ಮರಿಯೋ ಎಳೆ ಬೆಕ್ಕೋ ಸರಿಹೋಗುತ್ತೆ. ನಿಮ್ಮದು ಹತ್ತು ವರ್ಷದ ಶಾಂತಮೂರ್ತಿಯಾದರೆ ದಿನಪೂರ್ತಿ ಬಾಲ ಹಿಡಿದು ಎಳೆಯೋ ಮರಿ ಅದಕ್ಕೆ ಶಿಕ್ಷೆ. ಅದಕ್ಕೆ ಜೊತೆ ಅಂತ ಆಗೋದಾದ್ರೆ ಅಷ್ಟೇ ಶಾಂತವಾದ ದೊಡ್ಡ ಬೆಕ್ಕು.

ಮರಿಗಳನ್ನ ದೊಡ್ಡ ಬೆಕ್ಕುಗಳು ಸಾಮಾನ್ಯವಾಗಿ ಬೇಗ ಒಪ್ಪಿಕೊಳ್ಳುತ್ತವೆ, ಯಾಕಂದ್ರೆ ಮರಿ ಇನ್ನೂ ಪೈಪೋಟಿ ಅಲ್ಲ. ಆದ್ರೆ ತೀರಾ ಎಳೇ ಮರಿಯನ್ನ ತಾಯಿಯಿಂದ ಬಿಡಿಸಿ ತರಬೇಡಿ. ಕಡಿಮೆ ಅಂದ್ರೆ 8 ವಾರ, ಆದಷ್ಟು 12 ವಾರ ತಾಯಿ ಮತ್ತು ಒಡಹುಟ್ಟಿದವರ ಜೊತೆ ಇರಬೇಕು. ಎಷ್ಟು ಜೋರಾಗಿ ಕಚ್ಚಬಾರದು, ಯಾವಾಗ ಆಟ ನಿಲ್ಲಿಸಬೇಕು ಅನ್ನೋದನ್ನ ಮರಿ ಕಲಿಯೋದು ಅಲ್ಲೇ. ಅದು ಕಲಿಯದೆ ಬಂದ ಮರಿ ಸಿಂಗಾರಿಯಂಥ ದೊಡ್ಡವಳಿಗೆ ತಲೆನೋವು.

ಗಂಡೋ ಹೆಣ್ಣೋ ಅನ್ನೋದಕ್ಕಿಂತ ಆಪರೇಷನ್ ಆಗಿದೆಯಾ ಅನ್ನೋದು ಮುಖ್ಯ. ಸಂತಾನಹರಣ ಆಗದ ಗಂಡು ಬೆಕ್ಕು ಮೂಲೆಮೂಲೆಗೂ ಉಚ್ಚೆ ಸಿಡಿಸಿ ಗಡಿ ಹಾಕುತ್ತೆ, ಹೊಡೆದಾಡುತ್ತೆ, ರಾತ್ರಿಯೆಲ್ಲ ಕೂಗುತ್ತೆ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬ ಆಗಬಹುದು, ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತೆ. ಒಂದು ಗಂಡು, ಒಂದು ಹೆಣ್ಣು, ಎರಡಕ್ಕೂ ಆಪರೇಷನ್ ಇಲ್ಲ ಅಂದ್ರೆ ನೀವು ಎರಡನೇ ಬೆಕ್ಕು ತರ್ತಿಲ್ಲ, ಏಳನೇ ಬೆಕ್ಕಿನವರೆಗೂ ತರ್ತಿದ್ದೀರಿ. ನಾಲ್ಕೈದು ತಿಂಗಳಿಗೆ ಆಪರೇಷನ್ ಮಾಡಿಸಬಹುದು. ವೈದ್ಯರನ್ನ ಕೇಳಿ ದಿನ ಗೊತ್ತು ಮಾಡಿ.

ಇನ್ನು ಪೆಟ್ ಶಾಪಿನ ಪರ್ಷಿಯನ್. ಉದ್ದ ಕೂದಲನ್ನ ದಿನಾ ಬಾಚಬೇಕು. ಚಪ್ಪಟೆ ಮುಖದವಕ್ಕೆ ಉಸಿರಾಟದ, ಕಣ್ಣಿನ ತೊಂದರೆ ಜಾಸ್ತಿ. ನಮ್ಮ ಊರಿನ ಸಾಮಾನ್ಯ ಬೆಕ್ಕು ಇಲ್ಲಿನ ಸೆಕೆಗೆ ಒಗ್ಗಿಕೊಂಡಿದೆ, ಮನೆ ಬೇಕಾಗಿರೋ ಮರಿಗಳಿಗೂ ಬರವಿಲ್ಲ. ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ. ಆಯ್ಕೆ ಮಾಡುವಾಗ ಆ ಬೆಕ್ಕು ಮೊದಲು ಬೇರೆ ಬೆಕ್ಕುಗಳ ಜೊತೆ ಇತ್ತಾ ಅಂತ ಕೇಳಿ. ಇದ್ದು, ನೆಮ್ಮದಿಯಾಗಿದ್ದರೆ ಅರ್ಧ ಕೆಲಸ ಆದಂತೆ. ಗುಂಡನನ್ನ ನಾವು ಆರಿಸಿದ್ದು ಇದೇ ಕಾರಣಕ್ಕೆ: ಅವನಿದ್ದ ಮನೆಯಲ್ಲಿ ಇನ್ನೂ ಮೂರು ಬೆಕ್ಕಿದ್ದವು, ಅವುಗಳ ಪಕ್ಕದಲ್ಲೇ ಮಲಗ್ತಿದ್ದ.

ಮನೆಗಿಂತ ಮೊದಲು ಡಾಕ್ಟರ್

ಹೊಸ ಬೆಕ್ಕನ್ನ ಮನೆಗೆ ತರುವ ದಾರಿಯಲ್ಲೇ ಪಶುವೈದ್ಯರಿಗೆ ತೋರಿಸಿ. ಇದರಲ್ಲಿ ಸಡಿಲ ಬಿಟ್ಟರೆ ಜೀವಕ್ಕೇ ಕುತ್ತು. ಪ್ಯಾನ್‌ಲ್ಯುಕೋಪೀನಿಯ ಅನ್ನೋ ವೈರಸ್ ಕಾಯಿಲೆ ಇದೆ. ವಾಂತಿ, ಭೇದಿ, ಊಟ ಬಿಡೋದು, ಆಮೇಲೆ ಮರಿಗಳಲ್ಲಿ ಬಹಳ ಬೇಗ ಸಾವು. ಈ ವೈರಸ್ ನೆಲ, ಬಟ್ಟೆ, ಪಾತ್ರೆ, ನಮ್ಮ ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಒಂದು ವರ್ಷದವರೆಗೂ. ನಿಮ್ಮ ಮನೆಯಲ್ಲಿ ವರ್ಷದೊಳಗೆ ಈ ಕಾಯಿಲೆಯಿಂದ ಬೆಕ್ಕು ಸತ್ತಿದ್ದರೆ ಲಸಿಕೆ ಪೂರ್ತಿಯಾಗದ ಮರಿಯನ್ನ ತರಲೇಬೇಡಿ.

ಇದಕ್ಕೆ ಲಸಿಕೆ ಇದೆ. ಮರಿಗೆ 6ರಿಂದ 8 ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೂ ಕೊಡ್ತಾರೆ. ರೇಬೀಸ್ ಲಸಿಕೆ ಬೇರೆ. ತರುವ ಮೊದಲೇ ನಿಮ್ಮ ಹಳೇ ಬೆಕ್ಕಿನ ಲಸಿಕೆ ಕಾರ್ಡ್ ತೆಗೆದು ನೋಡಿ. ಬೀದಿಯಿಂದ ಬಂದ ದೊಡ್ಡ ಬೆಕ್ಕಾದರೆ ಎಫ್‌ಐವಿ ಮತ್ತು ಲುಕೇಮಿಯ ವೈರಸ್ ಪರೀಕ್ಷೆ ಬೇಕಾ ಅಂತ ವೈದ್ಯರನ್ನ ಕೇಳಿ. ಎರಡೂ ಬೆಕ್ಕಿನಿಂದ ಬೆಕ್ಕಿಗೆ ಹರಡುವಂಥವು, ಮನುಷ್ಯರಿಗೆ ಬರಲ್ಲ.

ಶುಚಿ ಮಾಡುವಾಗ ನಮ್ಮ ಮನೆಗಳಲ್ಲಿ ಕೈಗೆ ಬರೋದು ಫಿನಾಯಿಲ್. ಬೆಕ್ಕಿರೋ ಮನೆಯಲ್ಲಿ ಅದು ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನ ಮುರಿದು ಹೊರಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಂಜ ನೆಕ್ಕಿಕೊಂಡರೂ ವಿಷ ಒಳಗೆ ಹೋಗುತ್ತೆ. ಇದೇ ಲಿವರ್ ಕಾರಣಕ್ಕೆ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ, ಒಂದು ಮಾತ್ರೆ ಕೊಲ್ಲಬಹುದು. ವೈರಸ್ ಸಾಯಬೇಕು ಅಂದ್ರೆ ಮೊದಲು ಸೋಪು ನೀರಲ್ಲಿ ತೊಳೆದು, ಚೆನ್ನಾಗಿ ನೀರು ಹಾಕಿ, ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಸಾಧಾರಣ ಬ್ಲೀಚ್ ಬೆರೆಸಿ ಹತ್ತು ನಿಮಿಷ ಬಿಟ್ಟು, ಮತ್ತೆ ತೊಳೆದು ಒಣಗಿಸಿ. ಉಚ್ಚೆ ಇದ್ದ ಹಾಗೇ ಅದರ ಮೇಲೆ ಬ್ಲೀಚ್ ಸುರಿಯಬೇಡಿ. ಅಮೋನಿಯ ಸೇರಿ ಕ್ಲೋರಮೀನ್ ಅನಿಲ ಬರುತ್ತೆ, ಫಸ್ಟ್ ಇಯರ್ ಕೆಮಿಸ್ಟ್ರಿ ನೆನಪಿರಲಿ.

ಎಲ್ಲವೂ ಎರಡಲ್ಲ, ಮೂರು

ಲಿಟರ್ ಬಾಕ್ಸಿಗೆ ಪಶುವೈದ್ಯರು ಹೇಳುವ ಸೂತ್ರ N+1. ಎರಡು ಬೆಕ್ಕಿಗೆ ಮೂರು ಟ್ರೇ. ಸರ್ವರ್ ರೂಮಿನ ರಿಡಂಡೆನ್ಸಿ ನೆನಪಾದರೆ ಸರಿಯಾಗೇ ಅರ್ಥ ಮಾಡಿಕೊಂಡಿದ್ದೀರಿ. ಮೂರನ್ನೂ ಒಂದೇ ಮೂಲೆಯಲ್ಲಿ ಸಾಲಾಗಿಟ್ಟರೆ ಮಾತ್ರ ಪ್ರಯೋಜನ ಇಲ್ಲ. ಒಂದು ಬೆಕ್ಕು ಆ ಮೂಲೆಯ ದಾರಿಗೆ ಅಡ್ಡ ಮಲಗಿದರೆ ಮೂರೂ ಒಟ್ಟಿಗೆ ಬಂದ್. ಬೇರೆ ಬೇರೆ ಜಾಗದಲ್ಲಿಡಿ. ದುಬಾರಿ ಬಾಕ್ಸ್ ಬೇಕಿಲ್ಲ, ಅಗಲವಾದ ಪ್ಲಾಸ್ಟಿಕ್ ಟಬ್ ಸಾಕು.

ಊಟದ ತಟ್ಟೆ, ನೀರಿನ ಬಟ್ಟಲು, ಮಲಗುವ ಜಾಗ ಎಲ್ಲಕ್ಕೂ ಇದೇ ಮಾತು. ತಿನ್ನುವಾಗ ಒಂದಕ್ಕೊಂದು ಮುಖ ಕಾಣದ ಹಾಗಿರಲಿ. ಎತ್ತರದ ಜಾಗ ಎರಡಾದರೂ ಬೇಕು: ಬೀರು ತಲೆ, ಪುಸ್ತಕದ ಶೆಲ್ಫಿನ ಖಾಲಿ ಮಾಡಿದ ಮೇಲಿನ ಹಲಗೆ. ಅವಿತುಕೊಳ್ಳೋಕೆ ರಟ್ಟಿನ ಡಬ್ಬ ಇಡಿ, ಎರಡು ಕಡೆ ತೂತು ಮಾಡಿ, ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಬರೋ ಹಾಗೆ. ಒಂದೇ ಬಾಗಿಲ ಡಬ್ಬ ಬೋನಾಗುತ್ತೆ.

ಊಟದ ವಿಷಯ ಬಂದಾಗ ಒಂದು ಮಾತು. ಬೆಕ್ಕು ಮಾಂಸಾಹಾರಿ. ಬರೀ ಹಾಲನ್ನ, ಮೊಸರನ್ನದಲ್ಲಿ ಅದಕ್ಕೆ ಬೇಕಾದ ಟಾರಿನ್ ಸಿಗಲ್ಲ. ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವೂ ಆಗಲ್ಲ. ಎರಡು ಬೆಕ್ಕಿಗೆ ಸರಿಯಾಗಿ ಹಾಕೋಕಾಗದಿದ್ದರೆ ಒಂದೇ ಇರಲಿ.

ಪರಿಚಯದ ಹಂತಗಳು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಸಾಕಲು ಕೊಟ್ಟ ಬೆಕ್ಕಿಗೆ ಮೊದಲ ದಿನವೇ ಕುದಿಯೋ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡ್ತಿತ್ತು. ಕಥೆ ತಮಾಷೆಯದು, ಆದ್ರೆ ಬೆಕ್ಕಿನ ಸ್ವಭಾವ ಅದರಲ್ಲಿ ಸರಿಯಾಗೇ ಇದೆ. ಮೊದಲ ಭೇಟಿಯಲ್ಲಿ ಹೆದರಿದ್ದು ಬಹಳ ದಿನ ಉಳಿಯುತ್ತೆ. ಜಗಳ ಆದ್ಮೇಲೆ ರಾಜಿ ಮಾಡಿಕೊಳ್ಳೋ ಕಲೆ ನಾಯಿಗಿರುವಷ್ಟು ಬೆಕ್ಕಿಗಿಲ್ಲ. ಅದಕ್ಕೇ ಮೊದಲ ಭೇಟಿಯನ್ನ ಆದಷ್ಟು ಮುಂದೂಡಬೇಕು, ಅಷ್ಟರಲ್ಲಿ ವಾಸನೆಯ ಮೂಲಕ ಪರಿಚಯ ಮುಗಿದಿರಬೇಕು.

ಬೆಕ್ಕಿನ ಲೋಕ ವಾಸನೆಯದ್ದು. ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಂಜ ಎಲ್ಲ ಕಡೆ ವಾಸನೆಯ ಗ್ರಂಥಿಗಳಿವೆ. ಕುರ್ಚಿ ಕಾಲಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜೋದು ಬರೀ ಮುದ್ದಲ್ಲ, "ಇದು ನಮ್ಮದು" ಅಂತ ಸಹಿ ಹಾಕೋದು. ನಾವು ಮಾಡಬೇಕಾದ್ದು ಇಷ್ಟೇ: ಹೊಸಬನ ವಾಸನೆಯೂ "ನಮ್ಮದು" ಅನ್ನೋ ಪಟ್ಟಿಗೆ ನಿಧಾನವಾಗಿ ಸೇರೋ ಹಾಗೆ ಮಾಡೋದು.

ಮೊದಲ ಹಂತ, ಮುಚ್ಚಿದ ಬಾಗಿಲು. ಹೊಸ ಬೆಕ್ಕು ನೇರ ತನ್ನ ಕೋಣೆಗೆ ಹೋಗಲಿ. ಅದರ ಟ್ರೇ, ಊಟ, ನೀರು, ಡಬ್ಬ ಅಲ್ಲೇ. ಕಾಯಿಲೆ ಏನಾದ್ರೂ ಇದ್ದರೆ ಹೊರಬೀಳೋಕೂ ಈ ಹತ್ತು ಹದಿನಾಲ್ಕು ದಿನ ಬೇಕು. ಒಂದರ ಪಾತ್ರೆ ಇನ್ನೊಂದಕ್ಕೆ ಹೋಗಬಾರದು, ಮುಟ್ಟಿದ ಮೇಲೆ ಕೈ ತೊಳೀಬೇಕು. ಹಳೇ ಬೆಕ್ಕಿನ ದಿನಚರಿ ಒಂಚೂರೂ ಬದಲಾಗಬಾರದು. ಮೊದಲು ಅದಕ್ಕೆ ಊಟ, ಮೊದಲು ಅದರ ಜೊತೆ ಆಟ.

ಎರಡನೇ ಹಂತ, ವಾಸನೆ ವಿನಿಮಯ. ಹೊಸಬ ಹುಷಾರಾಗಿದ್ದಾನೆ ಅಂತ ಕೆಲವು ದಿನ ನೋಡಿ ಖಾತ್ರಿಯಾದ ಮೇಲೆ, ಒಂದು ಮೆತ್ತನೆ ಬಟ್ಟೆಯಿಂದ ಒಂದರ ಕೆನ್ನೆ ಉಜ್ಜಿ ಇನ್ನೊಂದರ ಊಟದ ತಟ್ಟೆಯಿಂದ ಸ್ವಲ್ಪ ದೂರ ಇಡಿ. ಮೂಸಿ ಸುಮ್ಮನಾದರೆ ದಿನದಿನಕ್ಕೆ ಹತ್ತಿರ ತನ್ನಿ. ಬುಸ್ಸೆಂದರೆ ದೂರ ಒಯ್ಯಿರಿ. ಜೊತೆಗೆ ಬಾಗಿಲ ಆಚೆ ಒಂದು ತಟ್ಟೆ, ಈಚೆ ಒಂದು ತಟ್ಟೆ ಇಟ್ಟು ಒಂದೇ ಹೊತ್ತಿಗೆ ಊಟ ಹಾಕಿ. ಮೊದಲು ಬಾಗಿಲಿಂದ ಆರೇಳು ಅಡಿ ದೂರ, ಆಮೇಲೆ ಹತ್ತಿರ. ಆ ವಾಸನೆ ಬಂದಾಗಲೆಲ್ಲ ಕೋಳಿ ಸಿಗುತ್ತೆ ಅನ್ನೋ ನಂಟು ತಲೆಯಲ್ಲಿ ಕೂರಬೇಕು.

ಮೂರನೇ ಹಂತ, ಜಾಗ ಅದಲು ಬದಲು. ಹಳೆಯದನ್ನ ಬೇರೆ ರೂಮಿಗೆ ಹಾಕಿ, ಹೊಸಬನನ್ನ ಅರ್ಧ ಗಂಟೆ ಹಾಲ್‌ನಲ್ಲಿ ತಿರುಗಾಡೋಕೆ ಬಿಡಿ. ಆಮೇಲೆ ಹಳೆಯದು ಹೊಸಬನ ಕೋಣೆ ನೋಡಲಿ. ಎರಡೂ ಒಂದನ್ನೊಂದು ನೋಡಬಾರದು. ಹೊಸಬನಿಗೆ ಮನೆಯ ನಕ್ಷೆ ಗೊತ್ತಾಗುತ್ತೆ, ಓಡಬೇಕಾಗಿ ಬಂದರೆ ಎಲ್ಲಿಗೆ ಓಡಬೇಕು ಅಂತಲೂ.

ನಾಲ್ಕನೇ ಹಂತ, ಜಾಲರಿಯ ಆಚೆ ಈಚೆ. ಸೊಳ್ಳೆ ಜಾಲರಿ ಬಾಗಿಲಿದ್ದರೆ ಅದೇ ಸಾಕು. ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಗಟ್ಟಿ ಪ್ಲಾಸ್ಟಿಕ್ ಜಾಲರಿಯನ್ನ ಬಿಗಿಯಾಗಿ ಕಟ್ಟಿ, ಮೊದಲು ಅದರ ಮೇಲೆ ಬೆಡ್‌ಶೀಟ್ ಇಳಿಬಿಡಿ. ಊಟದ ಹೊತ್ತಲ್ಲಿ ಶೀಟನ್ನ ನಾಲ್ಕು ಬೆರಳು ಮೇಲೆತ್ತಿ. ಮರುದಿನ ಇನ್ನಷ್ಟು. ಮೂರ್ನಾಲ್ಕು ನಿಮಿಷ ಸಾಕು, ಎರಡೂ ನೆಮ್ಮದಿಯಾಗಿರುವಾಗಲೇ ಮುಗಿಸಿ.

ಐದನೇ ಹಂತ, ಒಂದೇ ಕೋಣೆ. ಇಬ್ಬರು ಮನುಷ್ಯರು, ಎರಡು ಆಟದ ಕೋಲು. ಆಟ ಆಡ್ತಾ ಆಡ್ತಾ ಐದರಿಂದ ಹತ್ತು ನಿಮಿಷ. ಕೋಲಿಗೆ ದಾರ ಕಟ್ಟಿದ್ದರೆ ಆಟ ಮುಗಿದ ಮೇಲೆ ಎತ್ತಿಡಿ, ನುಂಗಿದ ದಾರ ಕರುಳನ್ನೇ ಕತ್ತರಿಸಬಹುದು. ದಿನಕ್ಕಿಷ್ಟು ಅಂತ ಸಮಯ ಹೆಚ್ಚಿಸುತ್ತಾ ಹೋಗಿ. ಯಾರೂ ಇಲ್ಲದಾಗ ಒಟ್ಟಿಗೆ ಬಿಡೋದು ಇದಾದ ಮೇಲೇ.

ಮುಂದಿನ ಹಂತಕ್ಕೆ ಯಾವಾಗ? ಕ್ಯಾಲೆಂಡರ್ ನೋಡಿ ಅಲ್ಲ, ಬೆಕ್ಕು ನೋಡಿ. ಎರಡು ಮೂರು ದಿನ ಸತತವಾಗಿ ಎರಡೂ ಸರಿಯಾಗಿ ತಿಂದು, ಬುಸುಗುಟ್ಟದೆ ಇದ್ದರೆ ಮುಂದೆ. ಗಲಾಟೆ ಆದರೆ ಒಂದು ಹಂತ ಹಿಂದೆ, ಸೊನ್ನೆಗಲ್ಲ. ಮರಿಯಾದರೆ ಎರಡು ಮೂರು ವಾರಕ್ಕೆ ಮುಗಿಯಬಹುದು, ದೊಡ್ಡ ಬೆಕ್ಕುಗಳಿಗೆ ತಿಂಗಳುಗಳೇ ಹಿಡಿಯಬಹುದು. ನಮ್ಮಲ್ಲಿ ಸಿಂಗಾರಿ ನಾಲ್ಕನೇ ಹಂತದಿಂದ ಎರಡು ಸಲ ಹಿಂದೆ ಬಂದಳು. ಒಟ್ಟು ಐದು ವಾರ ಹಿಡಿಯಿತು. ಯಾರು ಯಾವ ಹೊತ್ತಿಗೆ ಊಟ, ಯಾರು ಟ್ರೇ ಶುಚಿ ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದರಿಂದ ಆ ಐದು ವಾರ ನಮ್ಮ ನಾಲ್ವರ ನಡುವೆ ಜಗಳ ಆಗಲಿಲ್ಲ, ಅದೂ ಮುಖ್ಯವೇ.

ಶುರುಮಾಡುವ ದಿನವನ್ನೂ ನೋಡಿಕೊಳ್ಳಿ. ಇಂಟರ್ನಲ್ಸ್ ವಾರ ಬೇಡ, ದೀಪಾವಳಿಯ ಪಟಾಕಿ ದಿನಗಳು ಬೇಡ, ಎಲ್ಲರೂ ಊರಿಗೆ ಹೋಗೋ ರಜೆಯೂ ಬೇಡ. ಸೆಮಿಸ್ಟರ್ ಶುರುವಾಗಿ ಒಂದು ವಾರ ಕಳೆದ ಮೇಲೆ ಒಳ್ಳೇದು.

ಆಟವೋ, ಜಗಳವೋ, ಮೌನ ದಬ್ಬಾಳಿಕೆಯೋ

ಬಾಲ ನೆಟ್ಟಗೆ ಮೇಲೆತ್ತಿ ಬಂದರೆ ಸ್ನೇಹ. ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ನೆಮ್ಮದಿ. ಆಟದಲ್ಲಿ ಸರದಿ ಇರುತ್ತೆ: ಒಮ್ಮೆ ಇದು ಅಟ್ಟಿಸುತ್ತೆ, ಒಮ್ಮೆ ಅದು. ಉಗುರು ಒಳಗಿರುತ್ತೆ, ಸದ್ದು ಕಡಿಮೆ. ಕಿವಿ ಚಪ್ಪಟೆಯಾಗಿ, ಬಾಲ ಬಾಟಲಿ ಬ್ರಷ್‌ನಂತೆ ಊದಿ, ಕಿರುಚಾಟ ಶುರುವಾದರೆ ಜಗಳ. ಮೊದಮೊದಲು ಒಂದೆರಡು ಸಲ ಬುಸ್ ಅನ್ನೋದು ಜಗಳ ಅಲ್ಲ, "ಅಲ್ಲೇ ನಿಲ್ಲು" ಅನ್ನೋ ಮಾತು. ಅದಕ್ಕೆ ಬೈಯಬೇಡಿ.

ಜಗಳ ಆದರೆ ಮಧ್ಯೆ ಕೈ ಹಾಕಬೇಡಿ. ರಟ್ಟು, ಡ್ರಾಯಿಂಗ್ ಬೋರ್ಡ್, ದಿಂಬು, ಏನಾದ್ರೂ ಎರಡರ ನಡುವೆ ತೂರಿಸಿ ಬೇರೆ ಮಾಡಿ, ಬೇರೆ ಕೋಣೆಗೆ ಹಾಕಿ, ಆ ದಿನಕ್ಕೆ ಅಷ್ಟೇ. ನಿಮಗೆ ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ್ ಹತ್ರ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೆನ್ನುವಷ್ಟು ಅಪರೂಪ. ನಾಳೆ ಲ್ಯಾಬ್ ಇದೆ ಅಂತ ಮುಂದೂಡೋ ವಿಷಯ ಅಲ್ಲ.

ಕಣ್ಣಿಗೆ ಬೀಳದೆ ಹೋಗೋದು ಸದ್ದಿಲ್ಲದ ಜಗಳ. ಒಂದು ಬೆಕ್ಕು ಬಾಗಿಲಲ್ಲಿ ಆರಾಮಾಗಿ ಮಲಗಿರುತ್ತೆ, ಇನ್ನೊಂದು ಟ್ರೇಗೆ ಹೋಗಲಾಗದೆ ಬೀರು ಮೇಲೇ ದಿನ ಕಳೆಯುತ್ತೆ. ನಾವು "ಈಗ ಜಗಳನೇ ಇಲ್ಲ" ಅಂತ ಖುಷಿಪಡ್ತೀವಿ. ಹಾಸಿಗೆ ಮೇಲೆ ಉಚ್ಚೆ, ಮೈ ನೆಕ್ಕಿ ನೆಕ್ಕಿ ಕೂದಲು ಹೋಗೋದು, ಅವಿತೇ ಇರೋದು, ಎಲ್ಲ ಈ ಒತ್ತಡದ ಗುರುತು. ಅದು ಸೇಡಲ್ಲ, ಬೆಕ್ಕಿಗೆ ಸೇಡು ತೀರಿಸಿಕೊಳ್ಳೋಕೆ ಪುರುಸೊತ್ತಿಲ್ಲ. ಟ್ರೇ, ತಟ್ಟೆಗಳ ಜಾಗ ಬದಲಿಸಿ, ದಾರಿ ಎರಡು ಮಾಡಿ.

ಎರಡು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕಿದರೂ ಉಚ್ಚೆ ಬರ್ತಿಲ್ಲ ಅಂದ್ರೆ ಮೂತ್ರನಾಳ ಕಟ್ಟಿರಬಹುದು, ಒಂದೆರಡು ದಿನದಲ್ಲೇ ಪ್ರಾಣಕ್ಕೆ ಅಪಾಯ. ಯಾವುದೇ ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ವೈದ್ಯರಿಗೆ ತೋರಿಸಿ, ಉಪವಾಸ ಬೆಕ್ಕಿನ ಲಿವರ್‌ಗೆ ಆಗಿಬರಲ್ಲ.

ಗೆಳೆತನ ಆಗಲೇಬೇಕಾ?

ಬೇಕಿಲ್ಲ. ಒಂದರ ಮೇಲೊಂದು ಮಲಗೋ ಬೆಕ್ಕುಗಳು ಫೋಟೋದಲ್ಲಿ ಚೆಂದ. ಆದ್ರೆ ಎಷ್ಟೋ ಮನೆಗಳಲ್ಲಿ ಎರಡು ಬೆಕ್ಕು ಒಳ್ಳೇ ಅಕ್ಕಪಕ್ಕದ ಮನೆಯವರಂತೆ ಇರ್ತವೆ: ಮಾತಿಲ್ಲ, ಜಗಳವೂ ಇಲ್ಲ. ಸಿಂಗಾರಿ ಗುಂಡನನ್ನ ಇವತ್ತಿಗೂ ನೆಕ್ಕಲ್ಲ. ಕಿಟಕಿಯ ಎರಡು ತುದಿಯಲ್ಲಿ ಕೂತು ಒಂದೇ ಪಾರಿವಾಳ ನೋಡ್ತಾರೆ. ನಮಗೆ ಅಷ್ಟು ಸಾಕು, ಅವರಿಗೂ ಸಾಕು ಅನ್ನಿಸುತ್ತೆ. ತಿಂಗಳುಗಟ್ಟಲೆ ಪ್ರಯತ್ನಿಸಿಯೂ ಒಂದು ಬೆಕ್ಕು ಹೆದರಿಯೇ ಬದುಕುತ್ತಿದ್ದರೆ, ಹೊಸಬನಿಗೆ ಒಳ್ಳೇ ಮನೆ ಹುಡುಕಿಕೊಡೋದು ಸೋಲಲ್ಲ. ಮನೆ ಸಿಗೋವರೆಗೂ ಬೇರೆ ಕೋಣೆಯಲ್ಲಿ ಸಾಕೋದು ನಮ್ಮ ಕೆಲಸ.

ಈಗ ಎಂಟನೇ ಸೆಮಿಸ್ಟರ್. ಬ್ಯಾಗು ಕಟ್ಟುವ ವಾರ "ಕ್ಯಾಂಟೀನ್ ಹತ್ರ ಬಿಟ್ಟರೆ ಹೇಗೋ ಬದುಕುತ್ತೆ" ಅನ್ನೋ ಮಾತು ಬರುತ್ತೆ. ಮನೆಯೊಳಗೆ ತಟ್ಟೆಯಲ್ಲಿ ತಿಂದು ಬೆಳೆದ ಬೆಕ್ಕಿಗೆ ಅಲ್ಲಿ ಜಾಗವೂ ಇಲ್ಲ, ಗುರುತೂ ಇಲ್ಲ. ಅಲ್ಲಿನ ಬೆಕ್ಕುಗಳಿಗೆ ಅದು ನುಗ್ಗಿದವನು, ಅಲ್ಲಿ ಐದು ಹಂತದ ಪರಿಚಯ ಮಾಡಿಸೋರು ಯಾರೂ ಇಲ್ಲ. ಸಾಕಿದ ಪ್ರಾಣಿಯನ್ನ ಹಸಿವು ಬಾಯಾರಿಕೆಗೆ ಸಿಲುಕುವಂತೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಆದ್ದರಿಂದ ಎರಡನೇ ಬೆಕ್ಕು ಬರುವ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ: ಯಾವ ಬೆಕ್ಕು ಯಾರದ್ದು, ಕೋರ್ಸ್ ಮುಗಿದ ಮೇಲೆ ಯಾರ ಜೊತೆ ಯಾವ ಊರಿಗೆ, ಆ ಮನೆಯಲ್ಲಿ ಅಪ್ಪ ಅಮ್ಮ ಒಪ್ಪಿದ್ದಾರಾ, ಅವರು ನೋಡಿಕೊಳ್ಳಲಾಗದಿದ್ದರೆ ಎರಡನೇ ಹೆಸರು ಯಾರದ್ದು. ನಮ್ಮ ಹಾಳೆಯಲ್ಲಿ ಸಿಂಗಾರಿ ಹಾಸನಕ್ಕೆ, ಗುಂಡ ಹುಬ್ಬಳ್ಳಿಗೆ. ಎರಡು ಮನೆಗೂ ಫೋನ್ ಮಾಡಿ ಕೇಳಿ ಆಗಿದೆ. ನಿಮ್ಮ ಹಾಳೆಯಲ್ಲಿ ಆ ಜಾಗ ಖಾಲಿ ಉಳಿದರೆ, ಇರೋ ಒಂದು ಬೆಕ್ಕಿನ ಜೊತೆ ಇವತ್ತು ಸಂಜೆ ಇನ್ನೂ ಹದಿನೈದು ನಿಮಿಷ ಜಾಸ್ತಿ ಆಡಿ. ಅದಕ್ಕೆ ಅದೇ ದೊಡ್ಡದು.